ಹಾಸಿಗೆ ಇದ್ದಷ್ಟೇ ಆಹ್ವಾನ: ಕ್ರೀಡಾ ಪಬ್‌ಗಳು ಮತ್ತು ಸಾಮಾಜಿಕ ಜಾಲತಾಣ

ಐಪಿಎಲ್ ಋತುವಿನಲ್ಲಿ ಬೆಂಗಳೂರು ತಂಡದ ಪಂದ್ಯವಿರುವ ಸಂಜೆ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಹಾದುಹೋಗುವವರು ಕ್ರೀಡಾ ಪಬ್ ಎಲ್ಲಿದೆಯೆಂದು ಫಲಕ ಹುಡುಕಬೇಕಾಗಿಲ್ಲ. ಒಳಗಿನಿಂದ ಕೇಳಿಬರುವ ಕೂಗೇ ವಿಳಾಸ ತಿಳಿಸುತ್ತದೆ. ಆದರೆ ಒಳಗೆ ಕುಳಿತವರಲ್ಲಿ ಅನೇಕರು ಆ ವಿಳಾಸವನ್ನು ಹೊರಡುವ ಮುನ್ನವೇ ಕೈಯಲ್ಲಿರುವ ಫೋನಿನಲ್ಲಿ ಕಂಡುಕೊಂಡಿರುತ್ತಾರೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಹಾಗೂ ವಾಟ್ಸ್‌ಆಪ್‌ಗಳು ಇಂದು ಈ ಉದ್ಯಮದ ನಿಜವಾದ ನಾಮಫಲಕಗಳಾಗಿವೆ ಎಂಬುದರಲ್ಲಿ ಎರಡು ಮಾತಿಲ್ಲ. ಈ ಫಲಕದ ಮೇಲೆ ಏನನ್ನು ಬರೆಯಬೇಕು, ಏನನ್ನು ಬರೆಯಬಾರದು ಎಂಬ ವಿಚಾರದಲ್ಲಿ ಮಾತ್ರ ಉದ್ಯಮಿಗಳು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ.

ಮೊದಲಿಗೆ ಗ್ರಾಹಕರ ವ್ಯಾಪ್ತಿಯನ್ನು ಗಮನಿಸಬೇಕು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಗರದ ಮೊದಲ ಮೆಟ್ರೋ ಸಂಚಾರ ಆರಂಭವಾದಾಗ ಹಲಸೂರು ಹಾಗೂ ಇಂದಿರಾನಗರ ಒಂದೇ ಸರಪಳಿಗೆ ಸೇರಿದವು. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್ ನಡುವೆ, ಅದೇ ವರ್ಷದ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರ ನಡುವೆ ಸಂಚಾರ ಆರಂಭಗೊಂಡು ನೇರಳೆ ಮಾರ್ಗ ಪೂರ್ಣವಾಯಿತು. ಹೀಗಾಗಿ ಇಂದಿರಾನಗರದ ಪಬ್‌ನ ಒಂದು ಪ್ರಕಟಣೆ ಇಂದು ವೈಟ್‌ಫೀಲ್ಡ್‌ನ ಉದ್ಯೋಗಿಯನ್ನೂ ಕರೆತರಬಲ್ಲದು. ಕರೆ ದೂರ ಮುಟ್ಟಿದಷ್ಟೂ ಕರೆದವರ ಹೊಣೆ ಹೆಚ್ಚುತ್ತದೆ.

ಈ ವ್ಯಾಪಾರದ ಲೆಕ್ಕಾಚಾರವೂ ಸಾಮಾನ್ಯ ಉಪಾಹಾರ ಗೃಹದಂತಲ್ಲ. ಉಪಾಹಾರ ಗೃಹದಲ್ಲಿ ಒಂದು ಮೇಜು ಸಂಜೆಯೊಂದರಲ್ಲಿ ನಾಲ್ಕಾರು ಬಾರಿ ತೆರವಾಗುತ್ತದೆ. ಸಂಜೆ 7.30ಕ್ಕೆ ಆರಂಭವಾಗುವ ಟಿ20 ಪಂದ್ಯ ಮುಗಿಯುವಾಗ ರಾತ್ರಿ 11 ಗಂಟೆ ದಾಟುತ್ತದೆ. ಅಲ್ಲಿಯವರೆಗೆ ಕುಳಿತವರು ಏಳುವುದಿಲ್ಲ. 80 ಆಸನಗಳ ಪಬ್ ಎಂದು ಭಾವಿಸಿದರೆ, ಆ ರಾತ್ರಿಯ ಗರಿಷ್ಠ ಸಂಖ್ಯೆ 80 ಮಾತ್ರ. ಬಾಗಿಲಲ್ಲಿ 300 ಜನ ನಿಂತರೆ ಆದಾಯ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಹೆಚ್ಚುವುದು ನೂಕುನುಗ್ಗಲು ಮತ್ತು ಹಿಂದಿರುಗಿದ 220 ಜನರ ಅಸಮಾಧಾನ. ದೊಡ್ಡ ಪಂದ್ಯದ ರಾತ್ರಿ ಪ್ರಚಾರವಿಲ್ಲದೆಯೂ ತುಂಬುತ್ತದೆ. ಆದರೂ ಪ್ರಚಾರದ ಹಣ ಹೆಚ್ಚಾಗಿ ಹರಿಯುವುದು ಅಂತಹ ರಾತ್ರಿಗಳಿಗೇ ಎಂಬುದು ವಿಪರ್ಯಾಸ.

ಐಪಿಎಲ್ ಇರುವುದು ವರ್ಷದಲ್ಲಿ ಸುಮಾರು ಎರಡು ತಿಂಗಳು. ಉಳಿದ ಹತ್ತು ತಿಂಗಳ ಬಾಡಿಗೆ, ಸಂಬಳ, ಪರವಾನಗಿ ಶುಲ್ಕಗಳನ್ನು ಹೊರುವುದು ಖಾಲಿ ಕುರ್ಚಿಗಳ ಸಂಜೆಗಳು. ಜಾಲತಾಣ ದುಡಿಯಬೇಕಾದದ್ದು ಅಲ್ಲಿ. ದಂಡು ಪ್ರದೇಶಕ್ಕೆ ಕಾಲ್ಚೆಂಡಿನ ಹಳೆಯ ನಂಟಿದೆ. ಹಲಸೂರಿನ ಗೌತಮಪುರದ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಕಿರೀಟ ಧರಿಸಿತು. ಇಂತಹ ತಂಡಗಳ ಅಭಿಮಾನಿ ಬಳಗಗಳೊಡನೆ ಕನ್ನಡದಲ್ಲೇ ಮಾತನಾಡಿ, ಬುಧವಾರದ ಕಬಡ್ಡಿ ಪಂದ್ಯಕ್ಕೆ ಇಪ್ಪತ್ತು ಜನರನ್ನು ವಾಟ್ಸ್‌ಆಪ್ ಮೂಲಕ ಕರೆತರುವ ಪಬ್, ಲಕ್ಷ ಅನುಯಾಯಿಗಳಿದ್ದೂ ವಾರದ ಮಧ್ಯೆ ಬಣಗುಡುವ ಪಬ್‌ಗಿಂತ ಹೆಚ್ಚು ಭದ್ರವಾಗಿರುತ್ತದೆ.

ಪ್ರಕಟಣೆಗೆ ಗಡಿಯಾರದ ಮಿತಿಯೂ ಇದೆ. ನಗರದಲ್ಲಿ ವ್ಯವಹಾರದ ವೇಳೆಯನ್ನು ರಾತ್ರಿ 1 ಗಂಟೆಯವರೆಗೆ ವಿಸ್ತರಿಸಿ ಸರ್ಕಾರ 2024ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಶನಿವಾರ ಲಂಡನ್‌ನಲ್ಲಿ ಮಧ್ಯಾಹ್ನ 3ಕ್ಕೆ ಆರಂಭವಾಗುವ ಇಂಗ್ಲಿಷ್ ಲೀಗ್ ಪಂದ್ಯ ಚಳಿಗಾಲದಲ್ಲಿ ಇಲ್ಲಿ ರಾತ್ರಿ 8.30ಕ್ಕೆ ಕಾಣಸಿಗುತ್ತದೆ, ಇದು ಉದ್ಯಮಕ್ಕೆ ಸುವರ್ಣ ಸಮಯ. ಆದರೆ ಅದೇ ಚಳಿಗಾಲದ ಚಾಂಪಿಯನ್ಸ್ ಲೀಗ್ ಪಂದ್ಯಗಳಲ್ಲಿ ಹೆಚ್ಚಿನವು ಆರಂಭವಾಗುವುದೇ ರಾತ್ರಿ 1.30ಕ್ಕೆ. 2022ರ ಕತಾರ್ ವಿಶ್ವಕಪ್‌ನ ಅಂತಿಮ ಪಂದ್ಯ ಭಾರತೀಯ ಕಾಲಮಾನ ರಾತ್ರಿ 8.30ಕ್ಕಿತ್ತು, ಉತ್ತರ ಅಮೆರಿಕದ 2026ರ ಟೂರ್ನಿಯ ಅಂತಿಮ ಪಂದ್ಯಕ್ಕೆ ನಿಗದಿಯಾದದ್ದು ಮಧ್ಯರಾತ್ರಿ 12.30. ಪೂರ್ಣ ತೋರಿಸಲಾಗದ ಪಂದ್ಯಕ್ಕೆ ಜನರನ್ನು ಕರೆಯುವುದು ಒಂದೋ ಕಾನೂನಿನ ಉಲ್ಲಂಘನೆಗೆ, ಇಲ್ಲವೇ ಗ್ರಾಹಕರ ವಂಚನೆಗೆ ದಾರಿ.

ಅಳತೆ ಮೀರಿದ ಆಹ್ವಾನ ಏನು ಮಾಡಬಲ್ಲದು ಎಂಬುದನ್ನು ಈ ನಗರ ಮರೆಯುವಂತಿಲ್ಲ. 'ಈ ಸಲ ಕಪ್ ನಮ್ದೇ' ಎಂದು ವರ್ಷಗಟ್ಟಲೆ ಕೂಗಿದ ಅಭಿಮಾನಿಗಳಿಗೆ 2025ರ ಜೂನ್ 3ರಂದು ಕಪ್ ದಕ್ಕಿತು. ಮರುದಿನ ವಿಜಯೋತ್ಸವದ ಕರೆ ಜಾಲತಾಣಗಳಲ್ಲಿ ಹರಡಿ, ಸುಮಾರು 35 ಸಾವಿರ ಆಸನಗಳ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಪೊಲೀಸರ ಅನುಮತಿಯಿಲ್ಲದೆ ಜಾಲತಾಣದಲ್ಲಿ ಪ್ರಕಟಿಸಿದ್ದರಿಂದ ಜನ ಸೇರಿದರೆಂದು ಮೇಲ್ನೋಟಕ್ಕೆ ಕಾಣುತ್ತದೆ ಎಂದು ಕೇಂದ್ರೀಯ ಆಡಳಿತಾತ್ಮಕ ನ್ಯಾಯಮಂಡಳಿ ಅದೇ ಜುಲೈ 1ರ ಆದೇಶದಲ್ಲಿ ಹೇಳಿತು. ಪಬ್‌ನ ಗಾತ್ರ ಚಿಕ್ಕದಿರಬಹುದು. ಕಿರಿದಾದ ಮೆಟ್ಟಿಲು, ಒಂದೇ ಬಾಗಿಲಿನ ಮೂರನೆಯ ಮಹಡಿಗೆ ಅದೇ ಪಾಠ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ.

ನೆರೆಹೊರೆಯ ಮಾತೂ ಉಂಟು. ಇಂದಿರಾನಗರ ಮೂಲತಃ ವಸತಿ ಬಡಾವಣೆ. 100 ಅಡಿ ರಸ್ತೆಯ ಹಿಂದಿನ ಅಡ್ಡರಸ್ತೆಗಳಲ್ಲಿ ಇಂದಿಗೂ ವೃದ್ಧರು, ಶಾಲೆಗೆ ಹೋಗುವ ಮಕ್ಕಳು ಮಲಗುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್. ಬಾಗಿಲಲ್ಲಿ ಕಾದು ನಿಂತವರ ಗದ್ದಲ, ಅಡ್ಡಾದಿಡ್ಡಿ ನಿಂತ ವಾಹನಗಳು ದೂರಾಗಿ ಠಾಣೆ ತಲುಪುತ್ತವೆ. ದೂರುಗಳು ಕೂಡಿ ಪರವಾನಗಿಗೇ ಕುತ್ತು ತರುತ್ತವೆ.

ಕಾನೂನಿನ ಮೂರು ಅಂಶಗಳನ್ನು ಪ್ರಚಾರ ನೋಡಿಕೊಳ್ಳುವ ಸಿಬ್ಬಂದಿಗೆ ತಿಳಿಸಿಕೊಡುವುದು ಮಾಲೀಕರ ಕರ್ತವ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮಿನ ಪ್ರಕಾರ ಪ್ರಸಾರ ಸಂಸ್ಥೆಯ ಅನುಮತಿಯಿಲ್ಲದೆ ಶುಲ್ಕ ಪಡೆದು ಸಾರ್ವಜನಿಕರಿಗೆ ಪ್ರಸಾರ ತೋರಿಸುವುದು ಹಕ್ಕಿನ ಉಲ್ಲಂಘನೆ. 'ಪ್ರವೇಶ ಶುಲ್ಕ ಇಷ್ಟು' ಎಂಬ ಪ್ರಕಟಣೆ ತಾನೇ ಸಾಕ್ಷಿಯಾಗಬಹುದು. ಎರಡನೆಯದಾಗಿ, ಕಾನೂನು ನಿಷೇಧಿಸಿದ ಜಾಹೀರಾತನ್ನು ಬೇರೆ ವಸ್ತುವಿನ ಮರೆಯಲ್ಲಿ ನೀಡುವುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ತಡೆ ಹಾಕಿದೆ; ಆದ್ದರಿಂದ ಪ್ರಚಾರದಲ್ಲಿ ಮದ್ಯದ ಬದಲು ಪಂದ್ಯ, ಪರದೆ, ಆಸನ ಹಾಗೂ ಊಟ ಮುಂದಿರುವುದು ಕ್ಷೇಮ. ಮೂರನೆಯದಾಗಿ, ಹಣ ಅಥವಾ ಉಚಿತ ಆತಿಥ್ಯ ಪಡೆದು ಹೊಗಳುವವರು ಅದನ್ನು ಬಹಿರಂಗಪಡಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲ ಬಾರಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ.

ಪಕ್ಕದ ಪಬ್ ಅಬ್ಬರಿಸುವಾಗ ಇಷ್ಟೊಂದು ಸಂಯಮ ತೋರಿದರೆ ವ್ಯಾಪಾರ ಉಳಿದೀತೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಕೃಷ್ಣರಾಜಪುರದಿಂದ ಮೆಟ್ರೋ ಹತ್ತಿ ಬಂದು ಬಾಗಿಲಲ್ಲೇ ಹಿಂದಿರುಗಿದ ಗ್ರಾಹಕ ಎರಡನೆಯ ಬಾರಿ ಬರುವುದಿಲ್ಲ. ತನ್ನ ಬೇಸರವನ್ನು ಅದೇ ಜಾಲತಾಣದಲ್ಲಿ ಬರೆಯುತ್ತಾನೆ. ಮುಂಗಡವಾಗಿ ಆಸನ ಕಾಯ್ದಿರಿಸುವ ವ್ಯವಸ್ಥೆ, ಆಸನಗಳು ಭರ್ತಿಯಾದ ಕ್ಷಣವೇ ಆ ವಿಷಯದ ಪ್ರಕಟಣೆ, ಯಾವ ಪಂದ್ಯವನ್ನು ಎಷ್ಟು ಗಂಟೆಯವರೆಗೆ ತೋರಿಸಲಾಗುವುದು ಎಂಬ ಸ್ಪಷ್ಟ ಮಾಹಿತಿ, ಟೀಕೆಗಳಿಗೆ ಸೌಜನ್ಯದ ಉತ್ತರ ಇವಿಷ್ಟಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. 'ಇಂದು ಆಸನಗಳು ಭರ್ತಿಯಾಗಿವೆ, ದಯವಿಟ್ಟು ನಾಳೆ ಬನ್ನಿ' ಎಂಬ ಒಂದು ಸಾಲು ಅನೇಕ ರಿಯಾಯಿತಿ ಘೋಷಣೆಗಳಿಗಿಂತ ಹೆಚ್ಚಿನ ವಿಶ್ವಾಸ ಗಳಿಸಿಕೊಡುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಖರ್ಚಿಗೆ ಸಂಬಂಧಿಸಿದ್ದೆಂದೇ ವ್ಯಾಪಾರಿಗಳು ತಿಳಿದಿದ್ದರು. ಜಾಲತಾಣದ ಈ ಕಾಲದಲ್ಲಿ ಅದು ಆಹ್ವಾನಕ್ಕೂ ಸಲ್ಲುವ ಮಾತು. ಪ್ರತಿ ಪ್ರಕಟಣೆಯನ್ನು ಹೊರಬಿಡುವ ಮುನ್ನ ಕುರ್ಚಿಗಳನ್ನೊಮ್ಮೆ ಎಣಿಸುವ ಪದ್ಧತಿಯನ್ನು ಉದ್ಯಮಿಗಳು ರೂಢಿಸಿಕೊಂಡರೆ ಅದರಿಂದ ಗ್ರಾಹಕರಿಗೂ ಬಡಾವಣೆಗೂ ಉದ್ಯಮಕ್ಕೂ ಒಳಿತಾಗುವುದು.