ಮಠದ ಶಾಲೆಯೂ ನಾದದಾಸೋಹವೂ

ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನು ತ್ರಿವಿಧ ದಾಸೋಹವೆಂದು ಭಾವಿಸಿ ನಮ್ಮ ನಾಡಿನ ಮಠಗಳು ನಡೆಸಿಕೊಂಡು ಬಂದಿರುವುದು ಎಲ್ಲರಿಗೂ ತಿಳಿದ ಸಂಗತಿ. ನಾಲ್ಕನೆಯದೊಂದು ದಾಸೋಹವೂ ಈ ಪರಂಪರೆಯಲ್ಲಿ ಸೇರಿತ್ತೆಂಬುದನ್ನು ಮಾತ್ರ ನಾವು ಮರೆಯುತ್ತಿದ್ದೇವೆ. ಅದು ನಾದದಾಸೋಹ. ಇಂದು ಅನೇಕ ಶಾಲೆಗಳಲ್ಲಿ ಸಂಗೀತವೆಂದರೆ ವಾರ್ಷಿಕೋತ್ಸವದ ಪ್ರಾರ್ಥನೆ, ಗಣ್ಯರ ಸ್ವಾಗತಗೀತೆ ಇಷ್ಟೇ ಆಗಿದೆ. ಬೆಳಗಿನ ಪ್ರಾರ್ಥನೆಯನ್ನು ಕೂಡ ಧ್ವನಿವರ್ಧಕದಲ್ಲಿ ಮುದ್ರಿತ ಗೀತೆ ಹಾಡುತ್ತದೆ. ಮಕ್ಕಳು ಕೈಮುಗಿದು ನಿಂತಿರುತ್ತಾರೆ. ಇದು ಸರಿಯಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ಶರಣಧರ್ಮಕ್ಕೆ ಸಂಗೀತವು ಹೊರಗಿನಿಂದ ತಂದು ತೊಡಿಸಿದ ಆಭರಣವಲ್ಲ. ತನ್ನ ದೇಹವನ್ನೇ ವಾದ್ಯವಾಗಿಸಿಕೊಂಡು ನುಡಿಸೆಂದು ದೇವರನ್ನು ಬೇಡಿದವರು ಬಸವಣ್ಣನವರು. ಕೊಳ್ಳೇಗಾಲದ ಸೀಮೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದ ನಿಜಗುಣ ಶಿವಯೋಗಿಗಳು ‘ಕೈವಲ್ಯ ಪದ್ಧತಿ’ಯ ತತ್ತ್ವವನ್ನು ಹಾಡುಗಳಲ್ಲಿಯೇ ಹೇಳಿದರು, ತಮ್ಮ ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರಕ್ಕೂ ಸ್ಥಾನವಿತ್ತರು. ತತ್ತ್ವವು ಜನರ ನಾಲಗೆಯಲ್ಲಿ ನಿಲ್ಲಬೇಕಾದರೆ ಅದಕ್ಕೆ ರಾಗ ಬೇಕೆಂಬುದನ್ನು ಆ ಹಿರಿಯರು ಚೆನ್ನಾಗಿ ಅರಿತಿದ್ದರು.

ಈ ಅರಿವು ಒಂದು ಸಂಸ್ಥೆಯಾಗಿ ಬೆಳೆದ ಉಜ್ವಲ ನಿದರ್ಶನವು ಗದಗಿನ ವೀರೇಶ್ವರ ಪುಣ್ಯಾಶ್ರಮ. ಶಿವಯೋಗಮಂದಿರದ ಸ್ಥಾಪಕರಾದ ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಡ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಆಶ್ರಯವಿತ್ತು ಶಿಕ್ಷಣ ಕೊಡಿಸಿದರು. ಆ ಬಾಲಕನೇ 1892ರಲ್ಲಿ ಜನಿಸಿದ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಾಗುವ ಸಂಚಾರಿ ಪಾಠಶಾಲೆಯನ್ನು ನಡೆಸಿದರು. ಅದೇ ಗದಗಿನಲ್ಲಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ, ಎಂದರೆ ಅರುವತ್ತಾರು ವರ್ಷ, ಆ ಹೊಣೆಯನ್ನು ಹೊತ್ತರು. ಅವರೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕಗಳನ್ನು ಬರೆದು ನಾಟಕ ಮಂಡಳಿಯನ್ನೇ ಕಟ್ಟಿದರು. ಪಂಚಾಕ್ಷರ ಗವಾಯಿಗಳಿಂದ ಬಸವರಾಜ ರಾಜಗುರು ಅವರಂಥ ಮಹಾಗಾಯಕರು ಸಿದ್ಧರಾದರು. ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತ ವೆಂಕಟೇಶ ಕುಮಾರರು ಹಿಂದುಸ್ತಾನಿ ಸಂಗೀತದಲ್ಲಿ ದೇಶವೇ ಮೆಚ್ಚುವ ಗಾಯಕರಾದರು. ಆದರೆ ಆಶ್ರಮದ ಹಿರಿಮೆಯನ್ನು ಇಂಥ ಕೆಲವೇ ಹೆಸರುಗಳಿಂದ ಅಳೆಯಬಾರದು. ಭಿಕ್ಷೆಯೇ ಗತಿಯೆನಿಸಿದ್ದ ಎಷ್ಟೋ ಮಕ್ಕಳು ಅಲ್ಲಿ ಕಲಿತು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ತಬಲಾವಾದಕರಾಗಿ ಸ್ವಂತ ದುಡಿಮೆಯಿಂದ ಬದುಕಿದರು. ಅದೇ ಅದರ ನಿಜವಾದ ಫಲ.

ನಮ್ಮ ಮೈಸೂರಿಗೂ ಇಂಥ ಪರಂಪರೆ ಹೊಸದಲ್ಲ. ಅರಮನೆಯ ಆಶ್ರಯವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಬಿಡಾರಂ ಕೃಷ್ಣಪ್ಪನವರು ತಮ್ಮ ಗಾಯನದ ಗಳಿಕೆಯನ್ನು ವೆಚ್ಚಮಾಡಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿ ಭಕ್ತಿಗೂ ಸಂಗೀತಕ್ಕೂ ಒಂದೇ ಸೂರು ಒದಗಿಸಿದುದನ್ನು ನೆನೆಯುವವರು ಕಡಿಮೆ. ಅವರ ಗುರುಕುಲದಲ್ಲಿ ಬೆಳೆದವರೇ ಪಿಟೀಲು ಚೌಡಯ್ಯನವರು. ಇತ್ತ ಸುತ್ತೂರು ಜಾತ್ರೆಯಲ್ಲಿ ನಡೆಯುವ ಭಜನಾ ಮೇಳಕ್ಕೆ ಹಳ್ಳಿಹಳ್ಳಿಯ ತಂಡಗಳು ಬರುತ್ತವೆ. ನೆಲ ಇನ್ನೂ ಬಂಜರಾಗಿಲ್ಲ; ಬಿತ್ತುವವರು ಬೇಕಾಗಿದ್ದಾರೆ.

ದೂರದ ಇಂಗ್ಲೆಂಡಿನ ಒಂದು ಉದಾಹರಣೆಯೂ ಇಲ್ಲಿ ವಿಚಾರಯೋಗ್ಯವಾಗಿದೆ. ಟ್ಯೂಕ್ಸ್‌ಬರಿ ಎಂಬ ಸಣ್ಣ ಪಟ್ಟಣದಲ್ಲಿ 1121ರಲ್ಲಿ ಪ್ರತಿಷ್ಠೆಗೊಂಡ ಒಂದು ಸನ್ಯಾಸಿಮಠದ ಚರ್ಚು ಇದೆ. ಎಂಟನೆಯ ಹೆನ್ರಿ ದೊರೆಯು ಮಠಗಳನ್ನೆಲ್ಲ ಮುಚ್ಚಿಸಿದಾಗ, 1540ರಲ್ಲಿ, ಅಲ್ಲಿಯ ಸನ್ಯಾಸಿಗಳೂ ಚದುರಿದರು. ಕಟ್ಟಡ ಕೆಡವಲ್ಪಡುವುದರಲ್ಲಿತ್ತು. ಊರಿನ ಜನರು 453 ಪೌಂಡುಗಳನ್ನು ತೆತ್ತು ಅದನ್ನು ಕೊಂಡು ಉಳಿಸಿಕೊಂಡರು. ಅಲ್ಲಿ ನುಡಿಯುವ ಹಳೆಯ ಆರ್ಗನ್ ವಾದ್ಯವು ಹದಿನೇಳನೆಯ ಶತಮಾನದ್ದು. 1973ರಲ್ಲಿ ಆ ಚರ್ಚಿನ ನಿತ್ಯ ಸಂಧ್ಯಾಪ್ರಾರ್ಥನೆಯನ್ನು ಹಾಡಲೆಂದೇ ಬಾಲಕರ ಶಾಲೆಯೊಂದು ಆರಂಭವಾಯಿತು. 2006ರಲ್ಲಿ ಆ ಶಾಲೆ ಮುಚ್ಚಿಹೋಯಿತು. ಆದರೂ ಹಾಡು ನಿಲ್ಲಲಿಲ್ಲ. ಸಮೀಪದ ಚೆಲ್ಟನ್‌ಹ್ಯಾಮಿನ ಮತ್ತೊಂದು ಶಾಲೆಯು ಆ ಗಾಯಕವೃಂದವನ್ನು ತನ್ನದಾಗಿಸಿಕೊಂಡಿತು.

ಈ ಉದಾಹರಣೆಯನ್ನು ಕುರುಡಾಗಿ ಅನುಕರಿಸಬೇಕೆಂದಲ್ಲ. ಆ ನಾಡಿನ ದೊಡ್ಡ ಚರ್ಚುಗಳಲ್ಲಿ ಶತಮಾನಗಳ ಕಾಲ ಬಾಲಕರಿಗಷ್ಟೇ ಹಾಡುವ ಅವಕಾಶವಿತ್ತು. ಸಾಲ್ಸ್‌ಬರಿಯಲ್ಲಿ ಬಾಲಕಿಯರ ವೃಂದ ರಚಿತವಾದುದು 1991ರಲ್ಲಿ. ಅಕ್ಕಮಹಾದೇವಿಯ ವಚನಗಳನ್ನು ಹಾಡುವ ನಾವು ಆ ತಪ್ಪನ್ನು ಮಾಡಬೇಕಾಗಿಲ್ಲ. ಗದಗು, ಟ್ಯೂಕ್ಸ್‌ಬರಿ ಇವೆರಡೂ ಕಲಿಸುವ ಪಾಠ ಒಂದೇ: ಕಟ್ಟಡವನ್ನು ಹಣ ಉಳಿಸಬಲ್ಲುದು, ನಾದವನ್ನು ನಿತ್ಯದ ಅಭ್ಯಾಸ ಮತ್ತು ಅದಕ್ಕಾಗಿಯೇ ಜೀವ ಸವೆಸುವ ಗುರು ಮಾತ್ರ ಉಳಿಸಬಲ್ಲರು.

ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆ ವೇಳೆಯೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಾವು ಕೇಳುತ್ತಿರುವುದು ದಿನಕ್ಕೆ ಅರ್ಧ ಗಂಟೆ. ಶ್ರುತಿಗೆ ಕಿವಿಗೊಡುವ ಮಗು ಏಕಾಗ್ರತೆಯನ್ನು ಕಲಿಯುತ್ತದೆ. ಹತ್ತು ಮಂದಿಯ ದನಿಯೊಡನೆ ತನ್ನ ದನಿಯನ್ನು ಬೆರೆಸುವ ಮಗು ಸಂಯಮವನ್ನು ಕಲಿಯುತ್ತದೆ. ಕಂಠವಿಲ್ಲದ ಮಕ್ಕಳಿಗೇಕೆ ಎಂಬುದು ಇನ್ನೊಂದು ಆಕ್ಷೇಪ. ಎಲ್ಲ ಮಕ್ಕಳೂ ಗಣಿತಜ್ಞರಾಗುವುದಿಲ್ಲವೆಂದು ನಾವು ಮಗ್ಗಿಯನ್ನು ಬಿಟ್ಟಿದ್ದೇವೆಯೆ? ಅನ್ಯಧರ್ಮದ ಮಕ್ಕಳ ಮಾತೇನು ಎನ್ನುವವರಿಗೆ ಶಿಶುನಾಳ ಷರೀಫರೇ ಉತ್ತರ. ವಚನಗಳ ಜೊತೆಗೆ ಷರೀಫರ ತತ್ತ್ವಪದ, ದಾಸರ ಪದ, ಜನಪದಗೀತೆಗಳೂ ಪಾಠದಲ್ಲಿ ಸೇರಲಿ, ಬಲವಂತ ಬೇಡ.

ಆದುದರಿಂದ ಮೂರು ವಿನಂತಿಗಳು. ಮೊದಲನೆಯದಾಗಿ, ಪ್ರತಿ ಶಾಲೆಗೂ ಗೌರವಯುತ ವೇತನವುಳ್ಳ ಒಬ್ಬ ಕಾಯಂ ಸಂಗೀತ ಶಿಕ್ಷಕರು ಬೇಕು. ಎರಡನೆಯದಾಗಿ, ಬೆಳಗಿನ ಪ್ರಾರ್ಥನೆಯನ್ನು ಯಂತ್ರವಲ್ಲ, ಮಕ್ಕಳೇ ಹಾಡಬೇಕು. ಮೂರನೆಯದಾಗಿ, ವಾರಕ್ಕೊಂದು ಸಂಜೆ ವೇದಿಕೆ, ಹಾರ, ಭಾಷಣಗಳಿಲ್ಲದೆ ಮಕ್ಕಳು ಹಾಡಲಿ, ಊರವರು ಕುಳಿತು ಕೇಳಲಿ. ಒಂದು ಕಾಲಕ್ಕೆ ಮೈಸೂರಿನ ಹೊರಗಿನ ಹಳ್ಳಿಯಾಗಿದ್ದ ಬೋಗಾದಿಯು ಇಂದು ಬಡಾವಣೆಗಳ ನಡುವೆ ಸೇರಿಹೋಗಿದೆ. ಹಳಬರೂ ಹೊಸಬರೂ ಒಬ್ಬರನ್ನೊಬ್ಬರು ಅರಿಯದ ಇಂಥ ಊರಿಗೆ ಅಂಥ ಸಂಜೆ ಅಗತ್ಯವಾಗಿ ಬೇಕು.

ದಾನಿಗಳಲ್ಲಿ ಒಂದು ಮಾತು. ಸಭಾಭವನಕ್ಕೆ ಕೊಟ್ಟ ಹಣ ಅಮೃತಶಿಲೆಯಲ್ಲಿ ಹೆಸರಾಗಿ ನಿಲ್ಲುತ್ತದೆ. ಸಂಗೀತ ಶಿಕ್ಷಕರ ವೇತನಕ್ಕೆಂದು ದತ್ತಿಯಿಟ್ಟ ಹಣ ಎಲ್ಲಿಯೂ ಕಾಣಿಸುವುದಿಲ್ಲ. ಆದರೆ ಮಕ್ಕಳ ಕಂಠದಲ್ಲಿ ತಲೆಮಾರುಗಳವರೆಗೆ ಕೇಳಿಸುತ್ತದೆ. ಹಿರಿಯ ವಿದ್ಯಾರ್ಥಿಗಳು ಒಂದು ತಂಬೂರಿಯನ್ನೋ ತಬಲಾ ಜೋಡಿಯನ್ನೋ ಕೊಡಿಸಿ ಅದರ ದುರಸ್ತಿಯ ಹೊಣೆ ಹೊತ್ತರೂ ಸಾಕು. ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಬಾಲಕನಿಗೆ ದಾರಿ ತೋರಿದುದರಿಂದ ನಾಡಿಗೆ ದೊರೆತ ಫಲ ನಮ್ಮ ಕಣ್ಣೆದುರಿಗಿದೆ. ನಮ್ಮ ಶಾಲೆಗಳಲ್ಲಿಯೂ ಅಂಥ ಮಕ್ಕಳು ಇರಬಹುದು. ಅವರ ದನಿ ಕೇಳುವ ಏರ್ಪಾಡನ್ನು ಮಾಡುವುದು ನಮ್ಮೆಲ್ಲರ ಕರ್ತವ್ಯವಾಗಿದೆ.