ಕಡಲಿಗೆ ನೌಕಾಪಡೆಯ ಕಾವಲು, ಲೆಕ್ಕಪುಸ್ತಕಕ್ಕೆ ಯಾರ ಕಾವಲು?

ಮಾದಕ ದ್ರವ್ಯದ ಪಿಡುಗನ್ನು ಸೇನೆಗೆ ಒಪ್ಪಿಸಿಬಿಡಬೇಕೆಂಬ ಮಾತು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಜೈನ ಕುಟುಂಬಗಳ ಕೂಟಗಳಲ್ಲಿ ಈಗ ಧಾರಾಳವಾಗಿ ಕೇಳಿಬರುತ್ತಿದೆ. ಅಮೆರಿಕದ ಸೇನೆ ಕೆರಿಬಿಯನ್ ಸಮುದ್ರದಲ್ಲಿ ಶಂಕಿತ ದೋಣಿಗಳನ್ನು ಸಿಡಿಸತೊಡಗಿದ ಮೇಲೆ ಅದಕ್ಕೆ ಇನ್ನಷ್ಟು ಬಿರುಸು ಬಂದಿದೆ. ಮೊದಲ ದಾಳಿ ನಡೆದದ್ದು 2025ರ ಸೆಪ್ಟೆಂಬರ್ 2ರಂದು. ದೋಣಿಯಲ್ಲಿದ್ದ 11 ಮಂದಿ ವಿಚಾರಣೆಯಿಲ್ಲದೆ ಸತ್ತರು. ಅವು ನಮ್ಮ ದಶಲಕ್ಷಣ ಪರ್ವದ ದಿನಗಳು. ಉತ್ತಮ ಕ್ಷಮೆಯಿಂದ ಆರಂಭವಾಗುವ ಪರ್ವದಲ್ಲಿ ವ್ರತವಿಡಿದವರೇ ‘ನಮ್ಮವರೂ ಹೀಗೆಯೇ ಮಾಡಬೇಕು’ ಎನ್ನುವುದಾದರೆ, ಅವರು ಬಯಸುತ್ತಿರುವುದೇನೆಂಬುದನ್ನು ಪರೀಕ್ಷಿಸಲೇಬೇಕು.

ಈ ವಾದವನ್ನು ಅಹಿಂಸೆಯ ಹೆಸರೊಂದನ್ನೇ ಹಿಡಿದು ತಳ್ಳಿಹಾಕುವುದು ಸರಿಯಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಪರಮ ಜಿನಭಕ್ತ. ದೇಶದ ಮೇಲೆ, ಆಶ್ರಿತರ ಮೇಲೆ ಎರಗಿದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನು ನಮ್ಮ ಆಚಾರ್ಯರು ಶ್ರಾವಕನಿಗೆ ಅನಿವಾರ್ಯವೆಂದು ಒಪ್ಪಿದ್ದಾರೆ. ಅವರು ಒಪ್ಪದಿರುವುದು ಸಂಕಲ್ಪೀ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು. ಆದ್ದರಿಂದ ಸೈನಿಕ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಅವನ ಕೆಲಸ ಎಲ್ಲಿಗೆ ಮುಗಿಯಬೇಕು ಎಂಬುದೇ ಪ್ರಶ್ನೆ.

ಗುಜರಾತಿನ ಕಡಲು ಇದಕ್ಕೆ ಉತ್ತರ ಹೇಳಿದೆ. 2017ರ ಜುಲೈಯಲ್ಲಿ ತಟರಕ್ಷಣಾ ಪಡೆ ‘ಹೆನ್ರಿ’ ಎಂಬ ಹಡಗಿನಿಂದ ಸುಮಾರು 1,500 ಕಿಲೋ ಹೆರಾಯಿನ್ ವಶಪಡಿಸಿಕೊಂಡಿತು. 2024ರ ಫೆಬ್ರವರಿಯಲ್ಲಿ ನೌಕಾಪಡೆ, ಮಾದಕ ದ್ರವ್ಯ ನಿಯಂತ್ರಣ ಬ್ಯೂರೋ ಮತ್ತು ಗುಜರಾತ್ ಎ.ಟಿ.ಎಸ್. ಒಂದುಗೂಡಿ ಒಂದೇ ದೋಣಿಯಲ್ಲಿ ಸುಮಾರು 3,300 ಕಿಲೋ ಸರಕನ್ನು ಹಿಡಿದವು. ಅದರಲ್ಲಿ ಹೆಚ್ಚಿನದು ಚರಸ್. ಅದೇ ವರ್ಷ ನವೆಂಬರ್‌ನಲ್ಲಿ ಸುಮಾರು 700 ಕಿಲೋ ಮೆಥಾಂಫೆಟಮಿನ್ ಸಿಕ್ಕಿತು, ಎಂಟು ಮಂದಿ ಇರಾನಿಯರು ಸೆರೆಯಾದರು. 2025ರ ಏಪ್ರಿಲ್‌ನಲ್ಲಿ ಕಳ್ಳಸಾಗಣೆದಾರರು 300 ಕಿಲೋ ಸರಕನ್ನು ನೀರಿಗೆಸೆದು ಅಂತರರಾಷ್ಟ್ರೀಯ ಗಡಿ ದಾಟಿ ಪಾರಾದರು. ತಟರಕ್ಷಣಾ ಪಡೆ ಗಡಿಯಲ್ಲಿ ನಿಂತು, ಸರಕನ್ನು ನೀರಿನಿಂದ ಎತ್ತಿ ತಂದಿತು. ಸಾವಿರಾರು ಕೋಟಿ ಎಂದು ಪತ್ರಿಕೆಗಳು ಕೊಡುವ ಬೆಲೆ ಅಂದಾಜಿನದು. ಲೆಕ್ಕಿಗನಾದ ನಾನು ತೂಕವನ್ನಷ್ಟೇ ನಂಬುತ್ತೇನೆ.

ಇಲ್ಲಿ ಸಮವಸ್ತ್ರದವರು ತಡೆದರು, ಹಿಡಿದರು, ತೂಗಿದರು, ನ್ಯಾಯಾಲಯಕ್ಕೆ ಒಪ್ಪಿಸಿದರು. ನಮ್ಮ 1985ರ ಎನ್.ಡಿ.ಪಿ.ಎಸ್. ಕಾಯ್ದೆಯ 42ನೇ ಕಲಮು ಸಶಸ್ತ್ರ ಪಡೆಗಳ ಅಧಿಕಾರಿಗಳಿಗೂ ಶೋಧನೆ, ಜಪ್ತಿ, ಬಂಧನಗಳ ಅಧಿಕಾರ ಕೊಡಲು ಅವಕಾಶವಿತ್ತಿದೆ. ತೀರ್ಪು ಕೊಡುವ ಅಧಿಕಾರವನ್ನು ಕೊಟ್ಟಿಲ್ಲ. ಹಿಡಿದವನು ಬದುಕಿದ್ದರೆ ಸರಕು ಕೊಟ್ಟವರ, ಹಣ ಕಟ್ಟಿದವರ ಹೆಸರು ಹೊರಬರಬಹುದು. ದೋಣಿಯನ್ನು ಸಿಡಿಸಿದರೆ ಕೂಲಿಯವನೊಡನೆ ಸಾಕ್ಷ್ಯವೂ ಮುಳುಗುತ್ತದೆ, ಯಜಮಾನ ಮಾತ್ರ ದಡದಲ್ಲಿ ಉಳಿಯುತ್ತಾನೆ.

‘ಪೊಲೀಸರು ಲಂಚಕ್ಕೆ ಬೀಳುತ್ತಾರೆ, ಸೇನೆ ಬೀಳುವುದಿಲ್ಲ’ ಎನ್ನುವವರು ಮೆಕ್ಸಿಕೋದ ಕಡೆ ನೋಡಲಿ. ಅಲ್ಲಿ ಮಾದಕ ದ್ರವ್ಯ ನಿಗ್ರಹದ ಮುಖ್ಯಸ್ಥನಾಗಿದ್ದ ಜನರಲ್ ಗುಟಿಯೆರೆಸ್ ರೆಬೊಯೊ ಒಂದು ತಂಡದಿಂದಲೇ ಲಾಭ ಪಡೆದ ಆರೋಪದ ಮೇಲೆ 1997ರಲ್ಲಿ ಬಂಧಿತನಾದ. ಕ್ರೌರ್ಯಕ್ಕೆ ಹೆಸರಾದ ಸೇಟಾಸ್ ತಂಡವನ್ನು ಕಟ್ಟಿದವರು ಅಲ್ಲಿನ ಸೇನೆಯ ವಿಶೇಷ ದಳವನ್ನು ತೊರೆದುಬಂದ ಸೈನಿಕರು. 2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ಡೆರೋನ್ ಸೇನೆಯನ್ನು ಬೀದಿಗಿಳಿಸಿದರು. 2007ರಲ್ಲಿ ಆ ದೇಶದಲ್ಲಿ ನಡೆದ ಕೊಲೆಗಳ ಸಂಖ್ಯೆ 9,000ಕ್ಕಿಂತ ಕಡಿಮೆಯಿತ್ತು. 2018ರಲ್ಲಿ ಅದು 30,000ವನ್ನು ಮೀರಿತು. ಹಣದ ಹರಿವನ್ನು ಮುಟ್ಟದೆ ಬಂದೂಕನ್ನು ಮಾತ್ರ ಹೆಚ್ಚಿಸಿದರೆ, ಆ ಹಣ ಬಂದೂಕನ್ನೇ ಕೊಂಡುಕೊಳ್ಳುತ್ತದೆ.

ಇನ್ನು ನಮ್ಮ ಮನೆಯ ಅಂಗಳಕ್ಕೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಮುಂದ್ರಾ ಬಂದರಿನಲ್ಲಿ ಸಿಕ್ಕ 2,988 ಕಿಲೋ ಹೆರಾಯಿನ್ ಕತ್ತಲಲ್ಲಿ ದೋಣಿಯೇರಿ ಬಂದದ್ದಲ್ಲ. ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು ಎಂಬ ಘೋಷಣೆಯೊಡನೆ, ಇರಾನಿನ ಬಂದರ್ ಅಬ್ಬಾಸ್ ಮಾರ್ಗವಾಗಿ, ವಿಜಯವಾಡದ ವಿಳಾಸವುಳ್ಳ ಸಂಸ್ಥೆಯೊಂದರ ಹೆಸರಿನಲ್ಲಿ, ಎರಡು ಕಂಟೇನರ್‌ಗಳಲ್ಲಿ ಕಾಗದಪತ್ರ ಸಮೇತ ಬಂದದ್ದು. ಅದನ್ನು ಹಿಡಿದವರು ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು. 2022ರ ಆಗಸ್ಟ್‌ನಲ್ಲಿ ವಡೋದರಾ ಜಿಲ್ಲೆಯ ಸಾವಲಿ ತಾಲ್ಲೂಕಿನ ಮೋಕ್ಸಿಯ ಬಳಿ 225 ಕಿಲೋ, ಅಂಕಲೇಶ್ವರದಲ್ಲಿ 513 ಕಿಲೋ ಮೆಫೆಡ್ರೋನ್ ದೊರೆಯಿತು. 2024ರ ಜುಲೈಯಲ್ಲಿ ಸೂರತ್ ಜಿಲ್ಲೆಯ ಪಲಸಾಣಾ ತಾಲ್ಲೂಕಿನಲ್ಲಿ ಮತ್ತೊಂದು ತಯಾರಿಕಾ ಘಟಕ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅಂಕಲೇಶ್ವರದ ಔಷಧ ಕಂಪನಿಯೊಂದರಿಂದ 518 ಕಿಲೋ ಕೊಕೇನ್ ವಶವಾಯಿತು.

ಮೆಫೆಡ್ರೋನ್‌ಗೆ ಗಸಗಸೆಯ ಹೊಲವೂ ಬೇಡ, ಹಡಗೂ ಬೇಡ. ರಾಸಾಯನಿಕ, ಬಾಡಿಗೆಯ ಶೆಡ್ಡು, ವಿದ್ಯುತ್ ಸಂಪರ್ಕ, ಬಲ್ಲವನೊಬ್ಬನ ಕೈ ಇದ್ದರೆ ಸಾಕು. ಶೆಡ್ಡಿಗೆ ಮಾಲೀಕನಿದ್ದಾನೆ. ರಾಸಾಯನಿಕಕ್ಕೆ ಮಾರಾಟಗಾರನಿದ್ದಾನೆ, ಸಾಗಿಸಿದ ಲಾರಿಗೆ ರಸೀದಿ ಇದೆ, ಸಂಸ್ಥೆಗೆ ಜಿ.ಎಸ್.ಟಿ. ಸಂಖ್ಯೆ ಇದೆ. ಇವರಲ್ಲಿ ಯಾರ ಮೇಲೆ ಸೈನಿಕ ಗುಂಡು ಹಾರಿಸಬೇಕು?

ಹಣದ ಮೂಲವನ್ನು ಹಿಡಿಯಲು ಕಾನೂನು ಇಲ್ಲವೆಂದಲ್ಲ. ಎನ್.ಡಿ.ಪಿ.ಎಸ್. ಕಾಯ್ದೆಯ 27-ಎ ಕಲಮು ಈ ದಂಧೆಗೆ ಹಣ ಹೂಡುವವರಿಗೆ 10ರಿಂದ 20 ವರ್ಷಗಳ ಸೆರೆವಾಸ ವಿಧಿಸುತ್ತದೆ. 25ನೇ ಕಲಮು ತಿಳಿದೂ ಜಾಗ ಕೊಟ್ಟವನನ್ನು ಹಿಡಿಯುತ್ತದೆ. ಅಧ್ಯಾಯ 5-ಎ ಈ ಪಾಪದ ಆಸ್ತಿಯ ಮುಟ್ಟುಗೋಲಿಗೆಂದೇ ಇದೆ. ಆದರೆ 2014ರ ತಿದ್ದುಪಡಿಯಲ್ಲಿ ವ್ಯಾಖ್ಯೆಯೊಂದರ ಕ್ರಮಸಂಖ್ಯೆ ಬದಲಾಗಿ, 27-ಎ ಇಲ್ಲದ ಉಪಖಂಡದತ್ತ ಬೆರಳು ತೋರಿಸುತ್ತ ನಿಂತಿತು. ತ್ರಿಪುರಾ ಉಚ್ಚ ನ್ಯಾಯಾಲಯ ಅದನ್ನೆತ್ತಿ ತೋರಿಸಿದ ಮೇಲೆ, 2021ರಲ್ಲಿ ಸಂಸತ್ತು ತಿದ್ದಿತು. ಏಳು ವರ್ಷ ಹಣ ಹೂಡುವವರ ಮೇಲಿನ ಕಲಮು ಕುಂಟುತ್ತಿದ್ದಾಗ ನಮ್ಮ ಯಾವ ವೀರರೂ ದನಿಯೆತ್ತಲಿಲ್ಲ. ದೋಣಿ ಸಿಡಿಯುವ ಚಿತ್ರ ರೋಮಾಂಚನ ತರುತ್ತದೆ, ಉಪಖಂಡ ತರುವುದಿಲ್ಲ.

ನನ್ನ ವೃತ್ತಿಯವರಿಗೂ ಒಂದು ಮಾತು. 2023ರ ಮೇ 3ರ ಅಧಿಸೂಚನೆಯಿಂದ, ಕಕ್ಷಿದಾರರ ಪರವಾಗಿ ಕೆಲವು ಬಗೆಯ ಹಣಕಾಸು ವ್ಯವಹಾರ ನಡೆಸುವ ಲೆಕ್ಕಪರಿಶೋಧಕರು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದೆವು. ‘ನಾವೇನು ಪೊಲೀಸರೇ?’ ಎಂದು ಗೊಣಗಿದವರೇ ಸೇನೆ ಬರಲಿ ಎನ್ನುತ್ತಿದ್ದಾರೆ. ಕಕ್ಷಿದಾರನಿಗೆ ನಾಲ್ಕು ಪ್ರಶ್ನೆ ಕೇಳಲು ಹಿಂಜರಿಯುವವನಿಗೆ ಇಪ್ಪತ್ತು ವರ್ಷದ ನಾವಿಕನನ್ನು ಕಡಲಿಗೆ ಅಟ್ಟುವ ಹಕ್ಕು ಎಲ್ಲಿಯದು?

ಈ ನಾಡಿನವರೇ ಆದ ಹೇಮಚಂದ್ರಾಚಾರ್ಯರು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಉದ್ಯೋಗಗಳಲ್ಲಿ ವಿಷವಾಣಿಜ್ಯವನ್ನೂ ಎಣಿಸಿದ್ದಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿನ ಸರಕನ್ನು ಕೊಳ್ಳುವುದೂ, ರಾಜ್ಯದ ನಿಯಮ ಮೀರಿ ವ್ಯಾಪಾರ ಮಾಡುವುದೂ ಸೇರಿವೆ. ರಾತ್ರಿಭೋಜನವನ್ನೂ ಗೆಡ್ಡೆಗೆಣಸನ್ನೂ ತ್ಯಜಿಸುವ ನಾವು ಈ ವ್ರತಕ್ಕೂ ಅಷ್ಟೇ ಎಚ್ಚರ ಕೊಡಬೇಕು. ಆಮದು ಪರವಾನಗಿಯನ್ನೂ ಜಿ.ಎಸ್.ಟಿ. ಸಂಖ್ಯೆಯನ್ನೂ ಕಮಿಷನ್ನಿಗಾಗಿ ಇನ್ನೊಬ್ಬರಿಗೆ ಕೊಡಬಾರದು. ಬಾಡಿಗೆಗೆ ಕೊಟ್ಟ ಗೋದಾಮನ್ನು ಹೋಗಿ ನೋಡಬೇಕು. ನಿಯಂತ್ರಿತ ರಾಸಾಯನಿಕವನ್ನು ಬಳಸುವವನು ಯಾರೆಂದು ತಿಳಿಯದೆ ಮಾರಬಾರದು. ಕಲಶಗಳ ಸವಾಲಿನಲ್ಲಿ ದೊಡ್ಡ ಮೊತ್ತ ಕೂಗಿದವನ ಹಣದ ಮೂಲವನ್ನು ಬಸದಿಯ ಆಡಳಿತ ಕೇಳಲೇಬೇಕು.

ಕೊನೆಯದಾಗಿ ನಮ್ಮ ಮಕ್ಕಳ ವಿಷಯ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ, ಸೇವನೆಯ ಮತ್ತು ಅಲ್ಪ ಪ್ರಮಾಣದ ಅಪರಾಧಗಳಲ್ಲಿ ಅವನನ್ನು ಮೊಕದ್ದಮೆಯಿಂದ ಕಾಪಾಡುವ 64-ಎ ಕಲಮು ಇದೇ ಕಾಯ್ದೆಯಲ್ಲಿದೆ. ಸಂಬಂಧ ಕೂಡಿಬರಲಾರದೆಂಬ ಭಯದಿಂದ ಮಗನ ಚಟವನ್ನು ಮುಚ್ಚಿಡುವ ಮನೆ ಅವನನ್ನು ಆಸ್ಪತ್ರೆಯಿಂದ ದೂರವಿಟ್ಟು, ಮಾರುವವನ ಕೈಗೆ ಒಪ್ಪಿಸುತ್ತದೆ. ಯುದ್ಧ ಸಾರಬೇಕೆನ್ನುವವರು ಎದುರಾಳಿಯ ಸಾಲಿನಲ್ಲಿ ಮೊದಲು ಕಾಣುವುದು ತಮ್ಮ ಮಕ್ಕಳನ್ನೇ ಎಂಬುದನ್ನು ಮರೆಯದಿರಲಿ.

ಕಡಲಿನ ಕಾವಲು ನೌಕಾಪಡೆಯದು. ಅದನ್ನು ಅದು ಚೆನ್ನಾಗಿಯೇ ಮಾಡುತ್ತಿದೆ. ಗೋದಾಮು, ಗಲ್ಲಾಪೆಟ್ಟಿಗೆ, ಲೆಕ್ಕಪುಸ್ತಕ ಮತ್ತು ಮನೆಯ ಕಾವಲು ನಮ್ಮದು. ಅದನ್ನು ಬಿಟ್ಟು ಸೈನಿಕನನ್ನು ಕೂಗುವುದು ಶೌರ್ಯವೂ ಅಲ್ಲ, ಧರ್ಮವೂ ಅಲ್ಲ.