ಚುನಾವಣೆ ಬಂದ್ರ ಬಂದೂಕು ಠಾಣೆಗೆ, ಹಂದಿ ಹೊಲಕ್ಕ

ಈ ಸಲ ಬೀಜ, ಗೊಬ್ಬರದ ಮಾತು ಬಿಟ್ಟು ಬೇರೆ ವಿಷಯ ಬರಿಯಾಕತ್ತೀನಿ. ಸ್ವಲ್ಪ ಉದ್ದ ಆಗ್ತೈತಿ, ಪೂರ್ತಿ ಓದ್ರಿ. ಆಮೇಲೆ ಬೈಯೋದಿದ್ರ ಬೈರಿ.

2024ರ ಮಾರ್ಚ್ 16ಕ್ಕ ಲೋಕಸಭಾ ಚುನಾವಣೆ ಘೋಷಣೆ ಆತು. ಎರಡು ದಿನಕ್ಕ ಠಾಣೆಯಿಂದ ಫೋನ್. "ಯಜಮಾನ್ರ, ನಿಮ್ಮ ಬಂದೂಕು ತಂದು ಠೇವಣಿ ಇಡ್ರಿ." ಒಯ್ದು ಇಟ್ಟೆ. ನಮ್ಮ ಕಡೆ ಮತದಾನ ಮೇ 7ಕ್ಕ, ಎಣಿಕೆ ಜೂನ್ 4ಕ್ಕ. ಲೆಕ್ಕ ಹಾಕ್ರಿ, ಬರೋಬ್ಬರಿ 80 ದಿನ. ಆ ವರ್ಷ ಎಂಥಾದ್ದು ಅಂತ ನಿಮಗ ಗೊತ್ತೈತಿ. ಮಳಿ ಇಲ್ಲ, ಡ್ಯಾಮ್ ತುಂಬಲಿಲ್ಲ, ಗಂಗಾವತಿ ಕಡೆ ಎರಡನೇ ಬೆಳೆಗೆ ಕಾಲುವೆ ನೀರಿಲ್ಲ. ಹಸರು ಅಂತ ಉಳಿದಿದ್ದು ಬೋರ್ ಇದ್ದವರ ಹೊಲದಾಗ ಮಾತ್ರ. ಗುಡ್ಡದಾಗಿನ ಹಂದಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಎರಡು ಎಕರೆ ಬ್ಯಾಸಗಿ ಶೇಂಗಾ ಕಾಯಿ ಕಟ್ಟಿ ಕೀಳೋಕ ಇನ್ನ ಹದಿನೈದು ದಿನ ಇತ್ತು. ಮೂರು ರಾತ್ರಿ ಬಂದು ಅರ್ಧ ಎಕರೆ ಕೆದರಿ ಹೋದ್ವು. ನಾನೂ ನನ್ನ ಮಗನೂ ಮಂಚಿಕಿ ಮ್ಯಾಲೆ ಕುಂತು ಖಾಲಿ ಎಣ್ಣಿ ಡಬ್ಬಿ ಬಡಿದ್ವಿ. ಮೊದಲನೇ ರಾತ್ರಿ ಓಡಿದ್ವು, ಎರಡನೇ ರಾತ್ರಿ ನಿಂತು ನೋಡಿದ್ವು, ಮೂರನೇ ರಾತ್ರಿ ತಲಿ ಎತ್ತಿ ಸುದ್ದಾ ನೋಡಲಿಲ್ಲ.

ನನ್ನ ಬಂದೂಕು ಅಂದ್ರ ಸಿನಿಮಾದಾಗಿನ ಬಂದೂಕು ಅಲ್ಲ. ನಮ್ಮ ಅಪ್ಪನ ಕಾಲದ್ದು, ಬಾಯಿಂದ ಮದ್ದು ತುಂಬೋ ಒಂಟಿ ನಳಿಗೆ. ಒಂದು ಸಲ ಹಾರಿಸಿದ ಮ್ಯಾಲೆ ಮತ್ತ ತುಂಬೋದ್ರಾಗ ಒಂದು ಬೀಡಿ ಸೇದಿ ಮುಗಿಸಬಹುದು. ಇದನ್ನ ಹಿಡಕೊಂಡು ಮತಗಟ್ಟಿ ವಶಪಡಿಸಿಕೊಂತಾನಂತ ಯಾರಿಗರ ಅನಿಸಿದ್ರ ಅವರು ಒಂದು ರಾತ್ರಿ ನಮ್ಮ ಹೊಲಕ್ಕ ಬರಬೇಕು.

ಈಗ ಕಾಯ್ದೆ ಏನು ಹೇಳ್ತದ ಅನ್ನೋದು ನೋಡೋಣ. ಚುನಾವಣಾ ಆಯೋಗದ ಸೂಚನೆಯಾಗ ಎಲ್ಲಾ ಲೈಸೆನ್ಸ್‌ದಾರರೂ ಕಣ್ಣುಮುಚ್ಚಿ ಬಂದೂಕು ತಂದಿಡಬೇಕು ಅಂತ ಇಲ್ಲ. ಜಿಲ್ಲಾಧಿಕಾರಿ ಮತ್ತು ಎಸ್ಪಿ ಇರೋ ಒಂದು ಪರಿಶೀಲನಾ ಸಮಿತಿ ಇರಬೇಕು. ಅದು ಒಬ್ಬೊಬ್ಬರ ಹೆಸರು ತಗೊಂಡು ನೋಡಬೇಕು. ಜಾಮೀನಿನ ಮೇಲೆ ಹೊರಗಿದ್ದವರು ಯಾರು, ಕ್ರಿಮಿನಲ್ ಕೇಸು ಇದ್ದವರು ಯಾರು, ಹಿಂದೆ ಚುನಾವಣೆಯಾಗ ಗಲಾಟೆ ಮಾಡಿದವರು ಯಾರು, ಅಂಥವರ ಆಯುಧ ಇಡಿಸಬೇಕು. ಅಲಹಾಬಾದ್ ಹೈಕೋರ್ಟು 2024ರ ಮಾರ್ಚಿನಾಗನ ಹೇಳೇತಿ, ಚುನಾವಣೆ ಬಂತು ಅಂತ ಎಲ್ಲರಿಗೂ ಒಂದೇ ಹುಕುಂ ಹೊರಡಿಸೋ ಹಂಗಿಲ್ಲ, ಕಾರಣ ಬರೆದು ಕೊಡಬೇಕು ಅಂತ. ಅದು ಉತ್ತರ ಪ್ರದೇಶದ ಮಾತು, ನಮಗ ನೇರವಾಗಿ ಕಟ್ಟುಪಾಡಲ್ಲ ಖರೆ. ಆದ್ರ ಕಾಯ್ದೆ ಒಂದೇ, ಆಯೋಗವೂ ಒಂದೇ.

ಇನ್ನೊಂದು ತಮಾಷಿ ಕೇಳ್ರಿ. ಬ್ಯಾಂಕಿನ ಗಾರ್ಡಿಗೆ ವಿನಾಯಿತಿ ಐತಿ. ರೈಫಲ್ ಸ್ಪರ್ಧೆಗೆ ಹೋಗೋ ಕ್ರೀಡಾಪಟುಗಳಿಗೆ ವಿನಾಯಿತಿ ಐತಿ. ಅದು ಇರಬೇಕಾದ್ದ, ನಂದೇನೂ ತಕರಾರಿಲ್ಲ. ಆದ್ರ ಬ್ಯಾಂಕಿನಾಗಿನ ರೊಕ್ಕ ಕಾಯೋ ಬಂದೂಕಿಗೆ ಇರೋ ಮರ್ಯಾದಿ, ಅದೇ ಬ್ಯಾಂಕಿನ ಸಾಲ ತಗೊಂಡು ಬಿತ್ತಿದ ಶೇಂಗಾ ಕಾಯೋ ಬಂದೂಕಿಗೆ ಯಾಕಿಲ್ಲ?

ಇದು ಐದು ವರ್ಷಕ್ಕ ಒಂದು ಸಲದ ಮಾತಾಗಿದ್ರ ನಾನೂ ಸುಮ್ಮನಿರತಿದ್ದೆ. 2020ರ ಡಿಸೆಂಬರಿನಾಗ ಗ್ರಾಮ ಪಂಚಾಯಿತಿ ಚುನಾವಣೆ, ಎರಿ ಹೊಲದಾಗ ಕಡ್ಲಿ, ಜೋಳ ನಿಂತಿದ್ವು. 2023ರ ಮೇದಾಗ ವಿಧಾನಸಭೆ. 2024ಕ್ಕ ಲೋಕಸಭೆ. ಪ್ರತಿ ಸಲ ಬೆಳಿ ಹೊಲದಾಗ, ಬಂದೂಕು ಠಾಣೆಯಾಗ. ಒಂದು ಸಲ ವಾಪಸ್ ತರಾಕ ಹೋದಾಗ ನಳಿಗೆ ತುಂಬ ಜಂಗು, ಹಿಡಿಕಿ ಕಟ್ಟಿಗಿ ಸೀಳಿತ್ತು. ಯಾವ ಠಾಣೆ ಅಂತ ಬರಿಯಂಗಿಲ್ಲ, ಅಲ್ಲಿದ್ದ ಹುಡುಗರ ತಪ್ಪೂ ಅಲ್ಲ, ಅವರಿಗೆ ಇಡಾಕ ಜಾಗ ಇಲ್ಲ. ಆದ್ರ ರಿಪೇರಿ ರೊಕ್ಕ ನಾನು ಕೊಟ್ಟೆ. ಕೊಟ್ಟಾಗ ಹೆಂಗಿತ್ತು ಅಂತ ರಸೀದಿಯಾಗ ಬರಿಸಿಕೊಳ್ಳಲಿಲ್ಲ, ಅದು ನನ್ನ ದಡ್ಡತನ. ನೀವು ಬರಿಸಿಕೊಳ್ರಿ, ಮೊಬೈಲಿನಾಗ ಫೋಟೋನೂ ಹೊಡಕೊಳ್ರಿ.

ಕೊಡಗಿನ ವಿಷಯ ಕೆಲವರಿಗೆ ಗೊತ್ತಿರಬಹುದು. ಅಲ್ಲಿ ಕೊಡವರಿಗೆ, ಜಮ್ಮಾ ಭೂಮಿ ಹಿಡಿದವರಿಗೆ ಬಂದೂಕಿಗೆ ಲೈಸೆನ್ಸೇ ಬೇಕಾಗಿಲ್ಲ, ವಿನಾಯಿತಿ ಪತ್ರ ಇದ್ರ ಸಾಕು. 1861ರಾಗ ಬ್ರಿಟಿಷರು ಕೊಟ್ಟ ವಿನಾಯಿತಿ ಅದು. 2019ರಾಗ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸ್ತು, 2021ರಾಗ ನಮ್ಮ ಹೈಕೋರ್ಟೂ ಎತ್ತಿಹಿಡೀತು. ನಾನು ಕೊಡಗಿನವರ ಹಕ್ಕು ಕಸಗೊಳ್ರಿ ಅನ್ನಾಂಗಿಲ್ಲ. ಒಂದು ಜಿಲ್ಲೆಯ ಮಂದಿನ್ನ ನೂರೈವತ್ತು ವರ್ಷ ಮಿಕ್ಕಿ ನಂಬಾಕ ಆಗ್ತೈತಿ ಅಂದ್ರ, ಕೊಪ್ಪಳದಾಗ ಪೊಲೀಸ್ ವರದಿ ಆಗಿ, ಒಬ್ಬೊಬ್ಬರ ಚರಿತ್ರೆ ಜಾಲಾಡಿ ಲೈಸೆನ್ಸ್ ಕೊಟ್ಟ ಮನುಷ್ಯಾನ್ನ 80 ದಿನ ಯಾಕ ನಂಬಾಕ ಆಗಂಗಿಲ್ಲ ಅಂತ ಕೇಳಾಕತ್ತೀನಿ.

ಹಂಗ ನೋಡಿದ್ರ ನಮ್ಮ ಸೀಮಿಗೂ ಹತಾರಕ್ಕೂ ಹಳೇ ಲೆಕ್ಕ ಐತಿ. 1857ರಾಗ ಕಂಪನಿ ಸರ್ಕಾರ ಹತಾರ ಒಪ್ಪಿಸ್ರಿ ಅಂತ ಕಾಯ್ದೆ ತಂದಾಗ ಮುಧೋಳದ ಹಂತೇಕ ಹಲಗಲಿ ಬ್ಯಾಡರು ಕೊಡಂಗಿಲ್ಲ ಅಂದ್ರು, ಊರು ಸುಟ್ಟರು, ಹಿಡಿದವರನ್ನ ಗಲ್ಲಿಗೆ ಹಾಕಿದ್ರು. ಮರುವರ್ಷ ಮುಂಡರಗಿ ಭೀಮರಾಯ ಇದೇ ಕೊಪ್ಪಳದ ಕೋಟಿಯಾಗ ಕಾದಾಡಿ ಸತ್ತ. ಈಗಿನ ಸಾಹೇಬರು ಕಂಪನಿ ಸರ್ಕಾರ ಅಂತ ನಾನು ಅನ್ನಾಂಗಿಲ್ಲ, ಹಂಗ ಅಂದ್ರ ಅದು ಸುಳ್ಳು. ಆದ್ರ ರೈತನ ಕೈಯಾಗಿನ ಬಂದೂಕು ಅಂದ ಕೂಡಲೇ ಅನುಮಾನ ಪಡೋ ಚಾಳಿ ಮಾತ್ರ ಆ ಕಾಲದ್ದ.

ನಮ್ಮವರ ತಪ್ಪೂ ಹೇಳಬೇಕು. ಲಗ್ನದ ಮೆರವಣಿಗಿಯಾಗ ಗಾಳಿಯಾಗ ಗುಂಡು ಹಾರಿಸೋರು, ಸಂಬಂಧಿಕರಿಗೆ ಬಂದೂಕು ಎರವಲು ಕೊಡೋರು ನಮ್ಮ ನಡುವ ಅದಾರ. 2019ರ ತಿದ್ದುಪಡಿ ಆದ ಮ್ಯಾಲೆ ಹಂಗ ಹಾರಿಸಿದ್ರ ಎರಡು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಎರಡೂ ಬೀಳಬಹುದು. ಬೀಳಲಿ. ಅವರಿಂದನ ನಮ್ಮ ಹೆಸರು ಕೆಡೋದು. ಹಂಗ ಲೈಸೆನ್ಸ್ ಅಂದ್ರ ಬೇಟಿ ಆಡಾಕ ಪರವಾನಗಿ ಅಲ್ಲ. ಯಲಬುರ್ಗಾ, ಕುಕನೂರು ಕಡೆ ಚಿಗರಿ ಹಿಂಡು ಎಷ್ಟು ತಿಂತಾವು ನನಗೂ ಗೊತ್ತು, ಆದ್ರ ಅದು ಮೊದಲನೇ ಅನುಸೂಚಿಯ ಪ್ರಾಣಿ, ಅದರ ತಂಟಿಗೆ ಹೋಗಬಾರದು. ಹಂದಿ ಹೊಡಿಯಾಕೂ 1972ರ ವನ್ಯಜೀವಿ ಕಾಯ್ದೆ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆ ಅಪ್ಪಣಿ ಬೇಕು. ನನಗ ಬೇಕಾಗಿದ್ದು ಸಪ್ಪಳ. ಬರೇ ಮದ್ದು ತುಂಬಿ ಒಂದು ಸಲ ಢಂ ಅನಿಸಿದ್ರ ನಾಲ್ಕು ದಿನ ಹಂದಿ ಆ ಕಡೆ ಸುಳಿಯಂಗಿಲ್ಲ.

ಬಂದೂಕು ಇಲ್ಲಂದ್ರ ಮಂದಿ ಏನು ಮಾಡ್ತಾರ ಅನ್ನೋದೂ ನೋಡ್ರಿ. ಝಟಕಾ ಮಷಿನ್ ಕೊಳ್ಳಾಕ ರೊಕ್ಕ ಇಲ್ಲದವ ಲೈನಿನಿಂದ ನೇರ ಕರೆಂಟ್ ತಂತಿಗೆ ಕೊಡ್ತಾನ. ಮುಂಜಾನೆ ನೀರು ಹಾಯಿಸಾಕ ಹೋದ ಬಾಜೂ ಹೊಲದವ ಸಾಯ್ತಾನ. ಇನ್ನೊಬ್ಬ ಹಿಟ್ಟಿನಾಗ ಸಿಡಿಮದ್ದು ಇಡ್ತಾನ, ಮನಿ ಆಕಳ ಬಾಯಿ ಹರೀತೈತಿ. ಲೆಕ್ಕದಾಗ ಇರೋ, ನಂಬರ್ ಇರೋ ಬಂದೂಕು ಇವೆರಡಕ್ಕಿಂತ ಅಪಾಯನಾ?

ಹೊಸದಾಗಿ ಅರ್ಜಿ ಹಾಕೋ ಸಣ್ಣ ರೈತರಿಗೆ ಒಂದು ಮಾತು. "ಎರಡೂವರಿ ಎಕರೆಗೆ ಬಂದೂಕು ಯಾಕ್ರಿ" ಅಂತ ನಗ್ತಾರ. ನಗಲಿ. 1959ರ ಆಯುಧ ಕಾಯ್ದೆ 14ನೇ ಕಲಮಿನಾಗ ಸ್ಪಷ್ಟ ಐತಿ, ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕ ಲೈಸೆನ್ಸ್ ಇಲ್ಲ ಅನ್ನೋ ಹಂಗಿಲ್ಲ. ಇಲ್ಲ ಅಂದ್ರ ಕಾರಣ ಬರೆದಿಡಬೇಕು, ನೀವು ಕೇಳಿದ್ರ ಸಾಮಾನ್ಯವಾಗಿ ಕೊಡಬೇಕು. ಅದರ ಮ್ಯಾಲೆ 18ನೇ ಕಲಂ ಪ್ರಕಾರ ಮೇಲ್ಮನವಿ. ಬೆಳಿ ರಕ್ಷಣೆಗೆ ಮದ್ದು ತುಂಬೋ ಬಂದೂಕಿನ ಮಾತು 13ನೇ ಕಲಮಿನಾಗ ಹೆಸರು ಹಿಡಿದನ ಬರೆದಾರ, ಯಾರೂ ಭಿಕ್ಷಾ ಕೇಳಾಕತ್ತಿಲ್ಲ. ಠಾಣೆ ವರದಿ ವ್ಯಾಳ್ಯಾಕ್ಕ ಬರಲಿಲ್ಲ ಅಂದ್ರ ಅದಕ್ಕ ಕಾಯದ ತೀರ್ಮಾನ ಮಾಡೋ ಅಧಿಕಾರ ಜಿಲ್ಲಾಧಿಕಾರಿಗೆ ಐತಿ. ನಮ್ಮೂರಾಗ ಒಬ್ಬರ ಫೈಲು ಎರಡು ವರ್ಷದಿಂದ "ವರದಿ ಬಂದಿಲ್ಲ" ಅಂತ ಕುಂತೈತಿ, ಅವರಿಗೆ ಈ ಮಾತು ಯಾರೂ ಹೇಳಿರಲಿಲ್ಲ.

ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆ 2021ರಿಂದ ಹಂಗ ಉಳದಾವು. ಯಾವತ್ತರ ಘೋಷಣೆ ಆಗೇ ಆಗ್ತೈತಿ. ಅದಕ್ಕಿಂತ ಮೊದಲ ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಬರದೀನಿ: ನನ್ನ ಮ್ಯಾಲೆ ಒಂದೂ ಕೇಸಿಲ್ಲ, ಹೊಲದಾಗ ಬೆಳಿ ಐತಿ, ಸಮಿತಿ ಮುಂದ ನನ್ನ ಹೆಸರು ಬೇರೆ ಇಟ್ಟು ನೋಡ್ರಿ, ಇಡಿಸೋದಾದ್ರ ಕಾರಣ ಬರೆದು ಕೊಡ್ರಿ ಅಂತ. ಒಬ್ಬನ ಅರ್ಜಿ ಟಪಾಲಿನಾಗ ಕಳೀತೈತಿ. ಬೆಳಿ ರಕ್ಷಣೆ ಲೈಸೆನ್ಸ್ ಇದ್ದವರು ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಯಾವ ತಾಲೂಕಿನವರಾದ್ರೂ ಸರಿ, ಲೈಸೆನ್ಸ್ ಪುಸ್ತಕದ ಜೆರಾಕ್ಸ್, ಪಹಣಿ ಎರಡು ತಯಾರಿಟ್ಟು ಇಲ್ಲಿ ಕೆಳಗ ಊರ ಹೆಸರು ಬರೀರಿ. ಎಲ್ಲಾರೂ ಕೂಡಿ ಒಂದೇ ದಿನ ಕೊಪ್ಪಳಕ್ಕ ಹೋಗಿ ಕೊಟ್ಟು, ಸೀಲು ಹಾಕಿಸಿಕೊಂಡು ಬರೋಣು. ಬಂದೂಕು ತರಬ್ಯಾಡ್ರಿ, ಕಾಗದ ಸಾಕು.